ಇಟ್ಟುಕೊಳ್ಳಬಹುದು, ಕಟ್ಟಿಕೊಳ್ಳಬಾರದು



ರಾಯಚೂರು, ಕಲಬುರಗಿ, ಬೀದರ್ ಕಡೆಯವರಿಗೆ ಹೈದರಾಬಾದಿನ ಕೋಠಿ ಪರಸ್ಥಳವಲ್ಲ. ದವಾಖಾನೆಗೆ ಹೋದವರು, ಮದುವೆಯ ಜವಳಿಗೆ ಹೋದವರು, ಏನೂ ಕೆಲಸವಿಲ್ಲದೆ ಊರು ನೋಡಲಿಕ್ಕೆ ಹೋದವರು ಕೂಡ ಒಮ್ಮೆ ಕೋಠಿಯಲ್ಲಿ ಇಳಿದೇ ಇಳಿಯುತ್ತಾರೆ. ನಾನು ಹೋಗುತ್ತಿದ್ದದ್ದು ಹಳೆಯ ಪುಸ್ತಕಕ್ಕೆ. ಫುಟ್‌ಪಾತಿನ ಮೇಲೆ ಆಳೆತ್ತರ ಪೇರಿಸಿದ ಪುಸ್ತಕ. ಅರ್ಧಕ್ಕೆ ಕೇಳಿ ಮುಕ್ಕಾಲಿಗೆ ಒಪ್ಪುವ ಚೌಕಾಸಿ. ಅಲ್ಲೇ ಒಂದು ಉದ್ದನೆಯ ಕಾಂಪೌಂಡು, ಒಳಗೆ ಮರಗಳ ಸಂದಿಯಲ್ಲಿ ಎತ್ತರದ ಕಂಬಗಳು. ಹೆಣ್ಣುಮಕ್ಕಳ ಕಾಲೇಜಾಗಿತ್ತು ಅದು. ಅದರ ಗೇಟಿನ ಮುಂದೆ ನಿಂತು ಒಳಗೆ ಇಣುಕುವುದು ಮರ್ಯಾದಸ್ಥರ ಮನೆಯ ಹುಡುಗರ ಲಕ್ಷಣವಲ್ಲ ಎಂದುಕೊಂಡು ಕತ್ತು ತಿರುಗಿಸಿ ಬಂದುಬಿಡುತ್ತಿದ್ದೆ. ಹೀಗಾಗಿ ಆ ಕಂಬಗಳ ಹಿಂದಿನ ಕಥೆ ಗೊತ್ತಾಗಲು ನನಗೆ ಬಹಳ ವರ್ಷ ಹಿಡಿಯಿತು.

ಕೋಠಿ ಎಂದರೆ ದೊಡ್ಡ ಬಂಗಲೆ. ಆ ಪೇಟೆಗೆ ಹೆಸರು ಬಂದದ್ದೇ ಕಾಂಪೌಂಡಿನೊಳಗಿನ ಆ ಕಟ್ಟಡದಿಂದ. ಅದು ಬ್ರಿಟಿಷ್ ರೆಸಿಡೆನ್ಸಿ. ನಮ್ಮ ಮೂರು ನಾಲ್ಕು ಜಿಲ್ಲೆಗಳ ಹಣೆಬರಹವನ್ನು ನಿಜಾಮರು ಬರೆಯುತ್ತಿದ್ದ ಕಾಲದಲ್ಲಿ, ನಿಜಾಮರ ಹಣೆಬರಹವನ್ನು ಬರೆಯುತ್ತಿದ್ದವರು ಅಲ್ಲಿ ಕೂತಿರುತ್ತಿದ್ದರು. ಅದನ್ನು ಕಟ್ಟಿಸಿದವನು ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಎಂಬ ರೆಸಿಡೆಂಟ್, ಅಂದರೆ ನಿಜಾಮನ ದರಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ. ಆತ ಹೈದರಾಬಾದಿನ ಒಂದು ಸಯ್ಯದ್ ಮನೆತನದ ಹುಡುಗಿಯನ್ನು ಪ್ರೀತಿಸಿದ, ಅವಳಿಗಾಗಿ ಗುಟ್ಟಾಗಿ ಮತ ಬದಲಿಸಿದ, ನಿಕಾಹ್ ಮಾಡಿಕೊಂಡ. ಆ ತಪ್ಪಿಗೆ ಅವನ ಮೇಲೆ ಅವನದೇ ಸರಕಾರ ವಿಚಾರಣೆ ನಡೆಸಿತು.

ಪರಂಗಿಯವರು ನಮ್ಮ ಹೆಂಗಸರೊಂದಿಗೆ ಸಂಬಂಧ ಬೆಳೆಸಿದ್ದಕ್ಕೆ ಕಂಪನಿ ಸರಕಾರ ಕೋಪಿಸಿಕೊಂಡಿತು ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಅದು ಹಾಗಲ್ಲ. ನಮ್ಮಲ್ಲಿ ಒಂದು ಗಾದೆ ಇದೆ: ಕಟ್ಟಿಕೊಂಡವಳು ಕಡೇತನಕ, ಇಟ್ಟುಕೊಂಡವಳು ಇರೋತನಕ. ಕಂಪನಿಗೆ ಎರಡನೆಯವಳ ಬಗ್ಗೆ ತಕರಾರೇ ಇರಲಿಲ್ಲ. ಸಂಕಟವೆಲ್ಲ ಮೊದಲನೆಯವಳದ್ದು.

ಲೆಕ್ಕ ನೋಡಿ. 1687ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಮದರಾಸಿಗೆ ಬರೆದ ಕಾಗದದಲ್ಲಿ, ನಮ್ಮ ಸಿಪಾಯಿಗಳು ಅಲ್ಲಿನ ಹೆಂಗಸರನ್ನು ಮದುವೆಯಾಗಲಿ, ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ದಿನ ತಾಯಿಗೆ ಒಂದು ಪಗೋಡ ಕೊಡೋಣ ಎಂದಿದ್ದರು. ಪಗೋಡ ಎಂದರೆ ಬೇರೇನಲ್ಲ, ನಮ್ಮ ವಿಜಯನಗರದ ವರಹವೇ. ಆಗ ಕಂಪನಿಗೆ ಕೋಟೆ ಕಾಯಲು ಜನ ಬೇಕಾಗಿತ್ತು, ಹಡಗಿನಲ್ಲಿ ಬಿಳಿಯ ಹೆಂಗಸರನ್ನು ತರಿಸುವುದು ದುಬಾರಿಯಾಗಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ವರಹದ ಭಾಷೆ ಹೋಗಿ ಸುತ್ತೋಲೆಯ ಭಾಷೆ ಬಂತು. 1786ರಲ್ಲಿ, ಕಲ್ಕತ್ತೆಯ ಅನಾಥಾಲಯದಲ್ಲಿದ್ದ ಅಧಿಕಾರಿಗಳ ಮಿಶ್ರ ಸಂತಾನವನ್ನು ಓದಿಗಾಗಿ ಇಂಗ್ಲೆಂಡಿಗೆ ಕಳಿಸಬಾರದು ಎಂದಾಯಿತು. 1791ರಲ್ಲಿ, ತಂದೆ ತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೂ ಕಂಪನಿಯ ನೌಕರಿಗೆ ಅನರ್ಹ ಎಂಬ ಆಜ್ಞೆ ಹೊರಟಿತು. 1795ರಲ್ಲಿ ಸೈನ್ಯದ ಬಾಗಿಲನ್ನು ಇನ್ನೂ ಬಿಗಿಯಾಗಿ ಮುಚ್ಚಿದರು: ಅಂಥ ಮಕ್ಕಳು ತಮಟೆ ಬಡಿಯಬಹುದು, ಕೊಳಲೂದಬಹುದು, ಕುದುರೆಗೆ ಲಾಳ ಹೊಡೆಯಬಹುದು, ಬಂದೂಕು ಹಿಡಿಯಬಾರದು.

ಇಷ್ಟರಲ್ಲಿ ಎಲ್ಲಿಯೂ ಪ್ರೀತಿಸಬಾರದು ಎಂದಿಲ್ಲ, ಗಮನಿಸಿ. ಬೀಬಿಯನ್ನು, ಅಂದರೆ ಭಾರತೀಯ ಸಂಗಾತಿಯನ್ನು, ಇಟ್ಟುಕೊಳ್ಳಬಾರದು ಎಂದೂ ಇಲ್ಲ. ಆ ಕಾಲದ ಕಂಪನಿ ನೌಕರರ ಉಯಿಲುಗಳನ್ನು ನೋಡಿದರೆ, 1780ರಿಂದ 1785ರ ನಡುವೆ ಬರೆದವುಗಳಲ್ಲಿ ಮೂರಕ್ಕೆ ಒಂದರಲ್ಲಿ ಯಾವುದೋ ಭಾರತೀಯ ಸಂಗಾತಿಗೆ ಅಥವಾ ಅವಳ ಮಕ್ಕಳಿಗೆ ಏನಾದರೂ ಬಿಟ್ಟಿರುತ್ತಾರೆ. ಬಂಗಲೆಯ ಹಿತ್ತಿಲಿನಲ್ಲಿ ಬೀಬಿಘರ್ ಇರುವುದು ಕುದುರೆ ಲಾಯ ಇದ್ದಷ್ಟೇ ಸಹಜ. ಕರ್ಕ್‌ಪ್ಯಾಟ್ರಿಕ್‌ನಿಗೇ ಮೊದಲು ಬೇರೊಬ್ಬ ಭಾರತೀಯ ಹೆಂಗಸಿನಿಂದ ಒಬ್ಬ ಮಗನಿದ್ದ. ಆ ಮಗುವನ್ನು ಇಂಗ್ಲೆಂಡಿನಲ್ಲಿದ್ದ ಅಜ್ಜನ ಬಳಿಗೆ ಕಳಿಸಿದ್ದ. ಅದಕ್ಕೆ ಯಾವ ವಿಚಾರಣೆಯೂ ನಡೆಯಲಿಲ್ಲ, ಆ ತಾಯಿ ಯಾರು ಏನು ಎಂದು ಯಾವ ಗವರ್ನರನೂ ಕೇಳಲಿಲ್ಲ.

ಈಗ ಈ ಮನುಷ್ಯನ ವಿಷಯಕ್ಕೆ ಬರೋಣ. 1764ರಲ್ಲಿ ಮದರಾಸಿನಲ್ಲಿ ಹುಟ್ಟಿದವನು. ಅವನ ಅಣ್ಣ ವಿಲಿಯಂ ಹೈದರಾಬಾದಿನ ರೆಸಿಡೆಂಟನಾಗಿದ್ದ. ಟಿಪ್ಪು ಸುಲ್ತಾನನ ಪತ್ರಗಳನ್ನು ಪಾರಸಿಯಿಂದ ಇಂಗ್ಲಿಷಿಗೆ ತಂದವನು ಆ ವಿಲಿಯಮ್ಮೇ. ಅಣ್ಣನ ಆರೋಗ್ಯ ಕೆಟ್ಟಾಗ ತಮ್ಮ ಆ ಕುರ್ಚಿಗೆ ಬಂದ. ಬಂದವನು ಬಹಳ ಚುರುಕು. 1798ರ ಸೆಪ್ಟೆಂಬರಿನಲ್ಲಿ ನಿಜಾಮನೊಂದಿಗೆ ಒಪ್ಪಂದ ಮಾಡಿಸಿದ. ಅಕ್ಟೋಬರಿನಲ್ಲಿ, ನಿಜಾಮನ ಬಳಿ ಇದ್ದ ಹದಿನಾಲ್ಕು ಸಾವಿರದಷ್ಟು ಬಲದ ಫ್ರೆಂಚ್ ಪಡೆಯ ಆಯುಧಗಳನ್ನು ಹೆಚ್ಚು ಕಡಿಮೆ ಒಂದು ಹನಿ ರಕ್ತವಿಲ್ಲದೆ ಕೆಳಗಿಡಿಸಿದ. ಆ ಪಡೆ ಇಲ್ಲವಾದದ್ದರಿಂದ ಮರುವರ್ಷ ಮೇ 4ಕ್ಕೆ ಟಿಪ್ಪುವಿನ ಶ್ರೀರಂಗಪಟ್ಟಣ ಬೀಳುವುದು ಸಲೀಸಾಯಿತು. ಹೈದರಾಬಾದಿನಿಂದ ಹೋದ ದಂಡಿನ ಜೊತೆಯಲ್ಲಿ ಮೀರ್ ಆಲಂ ಎಂಬ ಉಮರಾವನಿದ್ದ. ಅವನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ. ಹೈದರಾಬಾದಿನಲ್ಲಿ ಇಪ್ಪತ್ತೊಂದು ಕಮಾನುಗಳ ಏರಿಯ ಮೀರ್ ಆಲಂ ಕೆರೆ ಇದೆಯಲ್ಲ, ಅದನ್ನು ಶ್ರೀರಂಗಪಟ್ಟಣದ ಲೂಟಿಯಲ್ಲಿ ಅವನ ಪಾಲಿಗೆ ಬಂದ ಹಣದಿಂದಲೇ ಕಟ್ಟಿಸಿದ್ದೆಂದು ಹೇಳುತ್ತಾರೆ.

ಟಿಪ್ಪುವಿನ ರಾಜ್ಯ ಹಂಚಿದಾಗ ಬಳ್ಳಾರಿ, ಅನಂತಪುರ, ಕಡಪದ ಸೀಮೆ ನಿಜಾಮನಿಗೆ ಸಿಕ್ಕಿತ್ತು. ಸಿಕ್ಕದ್ದು ಉಳಿಯಲಿಲ್ಲ. 1800ರ ಅಕ್ಟೋಬರಿನಲ್ಲಿ, ಕಂಪನಿಯ ಸೈನ್ಯದ ಖರ್ಚಿಗೆಂದು ಅಷ್ಟನ್ನೂ ವಾಪಸು ಬರೆಸಿಕೊಂಡವನು ಇದೇ ಕರ್ಕ್‌ಪ್ಯಾಟ್ರಿಕ್. ಬಳ್ಳಾರಿಯವರು ತಮ್ಮನ್ನು ದತ್ತ ಮಂಡಲದವರು ಎಂದು ಹೇಳಿಕೊಳ್ಳುತ್ತಿದ್ದರಲ್ಲ, ಆ ದತ್ತಪತ್ರಕ್ಕೆ ಕಂಪನಿಯ ಪರವಾಗಿ ರುಜು ಹಾಕಿದ ಕೈ, ಅದೇ ಚಳಿಗಾಲದಲ್ಲಿ ನಿಕಾಹ್‌ನ ಗುಟ್ಟನ್ನೂ ಮಡಿಲಲ್ಲಿ ಇಟ್ಟುಕೊಂಡಿತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಪ್ರೇಮಕಥೆ ಹೇಳುವವರು ಈ ಅಕ್ಕಿಯ ಭಾಗವನ್ನು ಬಿಟ್ಟುಬಿಡುತ್ತಾರೆ.

ಹುಡುಗಿಯ ಹೆಸರು ಖೈರುನ್ನಿಸಾ. ತಾಯಿ ಶರಫುನ್ನಿಸಾ ಬೇಗಂ, ಅಜ್ಜಿ ದುರ್ದಾನಾ ಬೇಗಂ. ಅಜ್ಜ ಬಾಕರ್ ಅಲಿ ಖಾನ್, ಹೈದರಾಬಾದಿನಲ್ಲಿದ್ದ ಇಂಗ್ಲಿಷ್ ಪಡೆಗೆ ಸಂಬಳ ಬಟವಾಡೆ ಮಾಡುವ ಬಕ್ಷಿ. ಹಾಗಾಗಿ ಆ ಮನೆಗೆ ಕಂಪನಿಯ ಅಧಿಕಾರಿಗಳ ಹೋಗುಬರುವಿಕೆ ಇತ್ತು. ಈಗ ಹೇಳಿದ ಮೀರ್ ಆಲಂ ಇವರ ಹತ್ತಿರದ ನೆಂಟ. 1798ರ ಕೊನೆಗೆ ಖೈರುನ್ನಿಸಾಳ ಅಕ್ಕನ ಮದುವೆ. ಗಂಡಸರು ಈಚೆ, ಹೆಂಗಸರು ಪರದೆಯ ಆಚೆ. ಪರದೆಯ ಒಂದು ಗುಣವನ್ನು ನಮ್ಮ ಹಿರಿಯ ಹೆಂಗಸರು ಬಲ್ಲರು: ಈಚೆಯವರಿಗೆ ಆಚೆ ಕಾಣದು, ಆಚೆಯವರಿಗೆ ಈಚೆಯದೆಲ್ಲ ಕಾಣುತ್ತದೆ. ಮೀಸೆ ಬಿಟ್ಟ, ಪಾರಸಿ ಬಲ್ಲ, ಹುಕ್ಕಾ ಸೇದುವ, ನಿಜಾಮನಿಂದ ಹಷ್ಮತ್ ಜಂಗ್ ಎಂಬ ಬಿರುದು ಪಡೆದ ಈ ಪರಂಗಿಯನ್ನು ಅವಳು ಅಲ್ಲಿಂದ ನೋಡಿದಳು. ಅವನ ಬೆರಳುಗಳಿಗೆ ಮದರಂಗಿ ಬಳಿದಿರುತ್ತಿದ್ದದ್ದನ್ನು ಮುಂದೆ ಆ ದಾರಿಯಲ್ಲಿ ಹಾದುಹೋದ ಎಲ್ಫಿನ್‌ಸ್ಟನ್ ಎಂಬ ಕಂಪನಿ ನೌಕರ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಅವಳಿಗೆ ಆಗಲೇ ಬೇರೊಬ್ಬ ಉಮರಾವನ ಮಗನೊಂದಿಗೆ ನಿಶ್ಚಿತಾರ್ಥವಾಗಿತ್ತು. ಆ ಗಂಡು ಅವಳಿಗೆ ಬೇಡವಾಗಿತ್ತು. ಮುಂದಿನದರಲ್ಲಿ ತಾಯಿಯದೂ ಅಜ್ಜಿಯದೂ ಕೈ ಇತ್ತು ಎಂಬುದರಲ್ಲಿ ಅನುಮಾನವಿಲ್ಲ. ಜನಾನಾದ ಒಳಗಿನಿಂದ ಒಪ್ಪಿಗೆ ಇಲ್ಲದೆ ಒಂದು ಹೆಣ್ಣುಮಗು ರಾತ್ರಿ ರೆಸಿಡೆಂಟನ ಮನೆಗೆ ಹೋಗಿ ಬರುವುದು ಆ ಊರಿನಲ್ಲಿ ಸಾಧ್ಯವಿರಲಿಲ್ಲ. ಅವಳೇ ಬಂದಳು, ನಾನು ಬುದ್ಧಿ ಹೇಳಿದೆ, ಅವಳು ಅತ್ತಳು, ನಾನು ಕಲ್ಲಲ್ಲವಲ್ಲ ಎಂಬ ಅರ್ಥದಲ್ಲಿ ಆತ ಅಣ್ಣನಿಗೆ ಕಾಗದ ಬರೆದ.

ಇಲ್ಲಿ ಒಂದು ಮಾತನ್ನು ನುಂಗಿಕೊಂಡು ಮುಂದೆ ಹೋಗಲು ನನಗೆ ಆಗದು. ಆಗ ಅವಳಿಗೆ ಹದಿನಾಲ್ಕರ ಆಸುಪಾಸು, ಅವನಿಗೆ ಮೂವತ್ತೈದು. ಆ ಕಾಲದಲ್ಲಿ ಅದು ಮದುವೆಯ ವಯಸ್ಸೇ, ನಮ್ಮ ಮುತ್ತಜ್ಜಿಯರು ಅದಕ್ಕಿಂತ ಚಿಕ್ಕವರಿದ್ದಾಗಲೇ ಗಂಡನ ಮನೆ ಸೇರಿದವರು. ಆದರೂ ಕಾಗದ ಬರೆದದ್ದು ಅವನು, ಅವಳಲ್ಲ. ಅವಳ ಪ್ರೀತಿ ನಮಗೆ ತಿಳಿದಿರುವುದು ಅವನ ಅಕ್ಷರಗಳಲ್ಲಿ, ಅಣ್ಣನೆದುರು ತನ್ನನ್ನು ಸಮರ್ಥಿಸಿಕೊಳ್ಳಬೇಕಾಗಿದ್ದವನ ಅಕ್ಷರಗಳಲ್ಲಿ. ವಿಲಿಯಂ ಡಾಲ್ರಿಂಪಲ್ 2002ರ ‘ವೈಟ್ ಮುಘಲ್ಸ್’ ಪುಸ್ತಕದಲ್ಲಿ ಈ ಕಾಗದಗಳನ್ನೆಲ್ಲ ಶೋಧಿಸಿ, ಇದನ್ನು ಎರಡು ಸಂಸ್ಕೃತಿಗಳು ಬೆರೆತ ಒಂದು ಕಾಲದ ಕಥೆಯಾಗಿ ಬಹಳ ಸೊಗಸಾಗಿ ಹೇಳಿದ್ದಾರೆ. ಅವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಅವರಿಗಿರುವ ಹಿಗ್ಗು ಮಾತ್ರ ನನಗಿಲ್ಲ.

ಸುದ್ದಿ ನಿಲ್ಲಲಿಲ್ಲ. ಹೈದರಾಬಾದಿನ ಅಖಬಾರುಗಳಲ್ಲಿ, ಅಂದರೆ ಕೈಬರಹದ ಸುದ್ದಿ ಪತ್ರಗಳಲ್ಲಿ, ಗುಸುಗುಸು ಶುರುವಾಯಿತು. ಸಯ್ಯದ್ ಮನೆತನ, ಪ್ರವಾದಿಯ ವಂಶದವರು. ಮುಸಲ್ಮಾನನಲ್ಲದವನಿಗೆ ಅಲ್ಲಿಂದ ಹೆಣ್ಣು ಕೊಡುವಂತಿಲ್ಲ. ಮೀರ್ ಆಲಂ ಕೆರಳಿದ; ದೂರು ಕಲ್ಕತ್ತೆಯ ಗವರ್ನರ್ ಜನರಲ್ ವೆಲ್ಲೆಸ್ಲಿಯವರೆಗೆ ಹೋಯಿತು. ಮೊದಲು ಕರ್ಕ್‌ಪ್ಯಾಟ್ರಿಕ್ ಅಡ್ಡಗೋಡೆಯ ಮೇಲೆ ದೀಪವಿಟ್ಟ. ಆಮೇಲೆ ಖೈರುನ್ನಿಸಾ ಬಸುರಿಯಾದಳು. ಆತ ಕಲ್ಮಾ ಓದಿ ನಿಕಾಹ್ ಮಾಡಿಕೊಂಡ. ಮದುವೆ ಗುಟ್ಟಾಗಿಯೇ ಉಳಿಯಿತು. 1801ರ ಮಾರ್ಚ್ 4ರಂದು ಮಗ ಹುಟ್ಟಿದ. ಮೀರ್ ಗುಲಾಂ ಅಲಿ ಎಂದು ಹೆಸರು, ಮನೆಯಲ್ಲಿ ಕರೆಯುವುದು ಸಾಹಿಬ್ ಆಲಂ.

ಮಗುವಿಗೆ ಎಂಟು ತಿಂಗಳು ತುಂಬಿದಾಗ, ಅದೇ ವರ್ಷದ ನವೆಂಬರ್ 7ರಂದು, ಮದರಾಸಿನಲ್ಲಿ ಗವರ್ನರ್ ಲಾರ್ಡ್ ಕ್ಲೈವ್‌ನ ಎದುರು ಗುಪ್ತ ವಿಚಾರಣೆ. ಈ ಕ್ಲೈವ್, ಪ್ಲಾಸಿ ಕದನದ ಕ್ಲೈವ್‌ನ ಮಗ. ಹೈದರಾಬಾದಿನ ಪಡೆಯಲ್ಲಿದ್ದ ಇಬ್ಬರು ಅಧಿಕಾರಿಗಳು, ಲೆಫ್ಟಿನೆಂಟ್ ಕರ್ನಲ್ ಬೌಸರ್ ಮತ್ತು ಮೇಜರ್ ಆರ್, ಪ್ರಮಾಣ ಮಾಡಿ ಸಾಕ್ಷಿ ನುಡಿಯಬೇಕಾಯಿತು. ರೆಸಿಡೆಂಟನಿಗೂ ಆ ಹುಡುಗಿಗೂ ಸಂಬಂಧವಿದೆಯೆ? ಆಕೆಗೆ ಮಗುವಾಗಿದೆಯೆ? ಆತ ಮುಸಲ್ಮಾನನಾಗಿದ್ದಾನೆಯೆ? ಇದಕ್ಕಾಗಿ ದರಬಾರಿನವರು ಅವನಿಂದ ಏನಾದರೂ ಅನುಕೂಲ ಪಡೆದಿದ್ದಾರೆಯೆ? ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಮದುವೆಯಾದವನಿಗೆ ಮಾವನ ಮನೆ ಎಂದೊಂದು ಇರುತ್ತದೆ. ಹೆಂಡತಿಯ ಕಡೆಯವರು, ಅವರ ಮಾನ, ಅವರ ಜಮೀನು, ಅವರ ವೈರಿಗಳು. ಬೀಬಿಘರಿನ ಹೆಂಗಸಿಗೆ ಇದೊಂದೂ ಇಲ್ಲ. ಎದುರು ಪಕ್ಷದ ಅಂಗಳದಲ್ಲಿ ನಿಂತು ಒಪ್ಪಂದ ಬರೆಸಬೇಕಾದ ಮನುಷ್ಯ ಆ ಅಂಗಳದ ಅಳಿಯನಾದರೆ ಕಂಪನಿ ನಿದ್ದೆ ಮಾಡುವುದು ಹೇಗೆ?

ವಿಚಿತ್ರವೆಂದರೆ ಕಂಪನಿಯ ಹಿತಕ್ಕೆ ಆತ ಒಂದಿಂಚೂ ಮೋಸ ಮಾಡಿರಲಿಲ್ಲ. ಬಳ್ಳಾರಿ ಸೀಮೆಯನ್ನು ಬರೆಸಿಕೊಟ್ಟವನ ಸ್ವಾಮಿಭಕ್ತಿಯನ್ನು ಪರೀಕ್ಷಿಸಲು ಹೊರಟಿದ್ದರು! ಅಂತೂ ಕೆಲಸ ಉಳಿಯಿತು, ಮೇಲಿನವರ ಗೌರವ ಉಳಿಯಲಿಲ್ಲ. ಆ ವಿಚಾರಣೆಯಲ್ಲಿ ಖೈರುನ್ನಿಸಾಳನ್ನು ಯಾರೂ ಏನೂ ಕೇಳಲಿಲ್ಲ.

ಆ ಮೇಲಿನ ನಾಲ್ಕು ವರ್ಷ ಅವರ ಸಂಸಾರದ ಕಾಲ. 1802ರ ಏಪ್ರಿಲಿನಲ್ಲಿ ಮಗಳು ನೂರುನ್ನಿಸಾ ಹುಟ್ಟಿದಳು; ಅವಳನ್ನು ಸಾಹಿಬ್ ಬೇಗಂ ಎನ್ನುತ್ತಿದ್ದರು. ಬಂಗಲೆ ಏಳತೊಡಗಿದ್ದೂ ಆಗಲೇ. ಅದರ ಜಾಗ ಸಿಕ್ಕ ಬಗೆ ತಮಾಷೆಯಾಗಿದೆ. ಕರ್ಕ್‌ಪ್ಯಾಟ್ರಿಕ್ ತನಗೆ ಬೇಕಾದ ನೆಲದ ನಕ್ಷೆಯನ್ನು ದೊಡ್ಡ ಕಾಗದದಲ್ಲಿ ಬರೆಸಿ ಮುದಿ ನಿಜಾಮನ ಮುಂದೆ ಹರಡಿದ. ನಿಜಾಮ ಆವರೆಗೆ ನೋಡಿದ್ದದ್ದು ದೇಶಗಳ ನಕ್ಷೆಗಳನ್ನು. ಇದೂ ಅಷ್ಟೇ ಅಗಲವಿದೆ! ಇಷ್ಟು ಕೊಟ್ಟರೆ ನನಗೆ ಉಳಿಯುವುದೇನು ಎಂದು ತಲೆಯಾಡಿಸಿಬಿಟ್ಟ. ರೆಸಿಡೆಂಟ್ ಅದೇ ನಕ್ಷೆಯನ್ನು ಅಂಗೈಯಗಲದ ಕಾಗದದಲ್ಲಿ ಬರೆಸಿ ತಂದ. ನಿಜಾಮ ನಕ್ಕು ಒಪ್ಪಿದ. ಕಂಪನಿಯ ಅಧಿಕಾರಿ ಸರ್ ಜಾನ್ ಮಾಲ್ಕಂ ಹೇಳಿದ ಕಥೆ ಇದು. ಬಳ್ಳಾರಿಯ ವಿಷಯದಲ್ಲೂ ನಿಜಾಮ ಹೀಗೆ ಕಾಗದದ ಅಗಲ ನೋಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುವುದುಂಟು.

ಮದರಾಸಿನ ಎಂಜಿನಿಯರ್ ಪಡೆಯ ಸ್ಯಾಮ್ಯುಯೆಲ್ ರಸೆಲ್ ಕಟ್ಟಡದ ವಿನ್ಯಾಸ ಮಾಡಿದ. ಎದುರಿಗೆ ಎತ್ತರದ ಕಂಬಗಳ ಮೊಗಸಾಲೆ, ಮೆಟ್ಟಿಲ ಎರಡೂ ಬದಿಗೆ ಸಿಂಹಗಳು, ಪೂರಾ ವಿಲಾಯಿತಿ ಠೀವಿ. ಹಿಂದೆ, ಗೋಡೆಯ ಮರೆಯಲ್ಲಿ, ಕಾರಂಜಿ ಹೂದೋಟಗಳ ರಂಗಮಹಲು, ಪೂರಾ ಹೈದರಾಬಾದು. ಮುಂಬಾಗಿಲಿನಲ್ಲಿ ಕಂಪನಿ, ಹಿತ್ತಿಲಲ್ಲಿ ಹೆಂಡತಿ. ಪರದೆಯಲ್ಲಿದ್ದ ಖೈರುನ್ನಿಸಾ ತನ್ನ ಗಂಡ ಕಟ್ಟಿಸುತ್ತಿದ್ದ ಮನೆಯ ಮುಂಭಾಗವನ್ನು ಬಂದು ನೋಡುವಂತಿರಲಿಲ್ಲವಾದ್ದರಿಂದ, ಆ ಬಂಗಲೆಯದೇ ಪುಟ್ಟ ಮಾದರಿಯೊಂದನ್ನು ತೋಟದಲ್ಲಿ ಕಟ್ಟಿಸಿಕೊಟ್ಟ ಎಂದು ಊರವರು ಹೇಳುತ್ತಾರೆ. ಮಾದರಿ ಅಲ್ಲಿರುವುದಂತೂ ನಿಜ, ಮಕ್ಕಳ ಗೊಂಬೆಮನೆಯ ಹಾಗೆ. ರಂಗಮಹಲು ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಕೆಡವಿಹಾಕಿದರು. ಅಷ್ಟು ಹೊತ್ತಿಗೆ ಬ್ರಿಟಿಷ್ ಸರಕಾರದ ಬಂಗಲೆಯ ಹಿಂದೆ ಜನಾನಾ ಇತ್ತೆಂಬುದೇ ನಾಚಿಕೆಯ ವಿಷಯವಾಗಿತ್ತು.

1805ಕ್ಕೆ ಬರೋಣ. ಈ ವರ್ಷದ ಬಗ್ಗೆ ಓದುವಾಗಲೆಲ್ಲ ನನಗೆ ಆ ಮನುಷ್ಯನ ಮೇಲಿದ್ದ ಮರುಕ ಸ್ವಲ್ಪ ಕಡಿಮೆಯಾಗುತ್ತದೆ. ಮಗನಿಗೆ ನಾಲ್ಕೂವರೆ, ಮಗಳಿಗೆ ಮೂರೂವರೆ. ಮಕ್ಕಳಿಬ್ಬರನ್ನೂ ಇಂಗ್ಲೆಂಡಿಗೆ ಕಳಿಸಿಬಿಡಲು ಆತ ನಿಶ್ಚಯಿಸಿದ. ಸಂಕಟವಿಲ್ಲದೆ ಮಾಡಿದ ಎಂದಲ್ಲ. 1791ರ ಆಜ್ಞೆ ಇತ್ತಲ್ಲ: ಇಲ್ಲೇ ಬೆಳೆದರೆ ಆ ಹುಡುಗನಿಗೆ ಅಪ್ಪನ ಕುರ್ಚಿಯ ಕಾಲು ಮುಟ್ಟುವ ಹಕ್ಕೂ ಇರುತ್ತಿರಲಿಲ್ಲ. ಅಲ್ಲಿ ಹೋಗಿ ಇಂಗ್ಲಿಷರಾದರೆ ಬದುಕಿಕೊಂಡಾರು. ತರ್ಕ ಸರಿಯಾಗಿಯೇ ಇದೆ. ತಾಯಿಯ ಒಪ್ಪಿಗೆ ಆ ತರ್ಕದಲ್ಲಿ ಇರಲಿಲ್ಲ. ಸರಕಾರ ಸುತ್ತೋಲೆ ಹೊರಡಿಸಿತು, ಅದನ್ನು ತನ್ನ ಮನೆಯೊಳಗೆ ಜಾರಿಗೆ ತಂದವನು ಪ್ರೀತಿಸಿದ ಗಂಡನೇ.

ಹೋಗುವ ಮುಂಚೆ ಮದರಾಸಿನಲ್ಲಿ ಜಾರ್ಜ್ ಚಿನ್ನರಿ ಎಂಬ ಚಿತ್ರಕಾರ ಮಕ್ಕಳ ಚಿತ್ರ ಬರೆದ. ಹೈದರಾಬಾದಿ ಪೋಷಾಕು, ಜರಿಯ ಅಂಗಿ, ಮೊನಚು ಮುಂಗಾಲಿನ ಪಾದರಕ್ಷೆ. ಹುಡುಗ ಕತ್ತೆತ್ತಿ ನೇರಕ್ಕೆ ನೋಡುತ್ತಾನೆ, ಹುಡುಗಿಯ ಕಣ್ಣಿನ ಕೆಳಗೆ ಅತ್ತ ಗುರುತಿನಂಥ ಬಾವು. ಸೆಪ್ಟೆಂಬರಿನಲ್ಲಿ ಹಡಗು ಹೊರಟಿತು. ತಂದೆ ಹೊಸ ಗವರ್ನರ್ ಜನರಲ್ಲನನ್ನು ಕಾಣಲು ಕಲ್ಕತ್ತೆಗೆ ಹೋದ, ದಾರಿಯಲ್ಲೇ ಕಾಯಿಲೆ ಬಿದ್ದು ಅಕ್ಟೋಬರ್ 15ರಂದು ಅಲ್ಲಿ ಸತ್ತ. ನಲವತ್ತೊಂದು ವರ್ಷ. ಒಂದೂವರೆ ತಿಂಗಳೊಳಗೆ ಖೈರುನ್ನಿಸಾಳ ಮಕ್ಕಳೂ ಹೋದರು, ಗಂಡನೂ ಹೋದ. ಆಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅವನ ಉಯಿಲಿನಲ್ಲಿ ಒಂದು ಪದವಿದೆ. ಮಕ್ಕಳಿಗೆ ತಲಾ ಹತ್ತು ಸಾವಿರ ಪೌಂಡು ಬರೆದಿದ್ದಾನೆ, ತಾಯಿಯನ್ನು ಗೌರವದಿಂದ ಹೊಗಳಿದ್ದಾನೆ, ಅವಳ ಹೆಸರನ್ನೂ ಬರೆದಿದ್ದಾನೆ. ಆದರೆ ಮಕ್ಕಳನ್ನು ಕರೆದಿರುವುದು, ಮದುವೆಯ ಹೊರಗೆ ಹುಟ್ಟಿದವರಿಗೆ ಇಂಗ್ಲಿಷ್ ಕಾನೂನು ಇಟ್ಟಿರುವ ನಾಜೂಕಿನ ಹೆಸರಿನಿಂದ. ಕಲ್ಮಾ ಓದಿ, ನಿಕಾಹ್ ಮಾಡಿಕೊಂಡು, ಕೆಲಸವನ್ನೇ ಪಣಕ್ಕಿಟ್ಟಿದ್ದವನು ಕೊನೆಗೆ ಆಸ್ತಿ ದಾಟಿಸಲು ಹೆಂಡತಿಯನ್ನು ಹೆಂಡತಿ ಎನ್ನದೆ ಹೋದ. ಹೆಂಡತಿ ಎಂದಿದ್ದರೆ ಉಯಿಲು ಊರ್ಜಿತವಾಗುತ್ತಿರಲಿಲ್ಲವೇನೋ. ಕಟ್ಟಿಕೊಂಡವಳು ಕಾಗದದ ಮೇಲೆ ಇಟ್ಟುಕೊಂಡವಳಾದದ್ದು ಹೀಗೆ.

ಮಕ್ಕಳು ಲಂಡನ್ ಮುಟ್ಟಿ, 1806ರ ಮಾರ್ಚ್ 25ರಂದು ಮೇರಿಲ್‌ಬೋನ್ ಚರ್ಚಿನಲ್ಲಿ ಕ್ರೈಸ್ತರಾದರು. ಸಾಹಿಬ್ ಆಲಂ ಅಂದಿನಿಂದ ವಿಲಿಯಂ ಜಾರ್ಜ್. ಸಾಹಿಬ್ ಬೇಗಂ, ಕ್ಯಾಥರೀನ್ ಅರೋರಾ, ಮನೆಯವರಿಗೆ ಕಿಟ್ಟಿ. ಹೀಗೆ ಹೆಸರು ತೊಳೆದುಕೊಂಡ ಇನ್ನೊಬ್ಬಳನ್ನು ಕನ್ನಡಿಗರು ಬಲ್ಲರು. ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. ಮಾಸ್ತಿಯವರ ಕಾದಂಬರಿ ಓದಿದವರಿಗೆ ತಂದೆ ಪರಿಚಿತನೇ. 1852ರಲ್ಲಿ ಆ ಹುಡುಗಿ ಲಂಡನ್ನಿನಲ್ಲಿ ದೀಕ್ಷೆ ಪಡೆದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ನಿಗೆ ಅವಳನ್ನು ಕೊಡಬೇಕೆಂದು ರಾಣಿಗೆ ಆಸೆಯಿತ್ತು, ಅದು ಕೂಡಿಬರಲಿಲ್ಲ. 1860ರಲ್ಲಿ ಅವಳಿಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲ್‌ನೊಂದಿಗೆ ಮದುವೆಯಾಯಿತು. ಒಬ್ಬ ಮಗಳನ್ನು ಹೆತ್ತು 1864ರಲ್ಲಿ ತೀರಿಕೊಂಡಳು. ಬಿಳಿಯ ಕರ್ನಲ್, ಕಂದು ಮೈಬಣ್ಣದ ಹೆಣ್ಣು. ಇಲ್ಲಿ ಯಾವ ವಿಚಾರಣೆಯೂ ನಡೆಯಲಿಲ್ಲ. ಹೆಣ್ಣು ತನ್ನ ಮತ, ಮಾತು, ತವರು ಎಲ್ಲವನ್ನೂ ಬಿಟ್ಟು ಆ ಕಡೆ ಹೋದರೆ ಅರಮನೆಯೇ ಮುಂದೆ ನಿಂತು ಲಗ್ನ ಮಾಡಿಸುತ್ತದೆ. ಗಂಡು ಈ ಕಡೆ ಬಂದರೆ ಮಾತ್ರ ಮದರಾಸಿನಲ್ಲಿ ಕದ ಹಾಕಿಕೊಂಡು ಸಾಕ್ಷಿ ಕೇಳುತ್ತಾರೆ.

ಖೈರುನ್ನಿಸಾಳ ಉಳಿದ ಎಂಟು ವರ್ಷಗಳನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ. ತಾಯಿಯನ್ನು ಕರೆದುಕೊಂಡು ಕಲ್ಕತ್ತೆಯವರೆಗೆ ಪ್ರಯಾಣ ಮಾಡಿ ಗಂಡನ ಸಮಾಧಿ ನೋಡಿದಳು. ಅಲ್ಲಿ ಅವನ ಸಹಾಯಕನಾಗಿದ್ದ, ಉಯಿಲಿನ ವ್ಯವಹಾರ ನೋಡುತ್ತಿದ್ದ ಹೆನ್ರಿ ರಸೆಲ್ ಅವಳಿಗೆ ಆಸರೆಯಾದ, ಆಸರೆ ಪ್ರೀತಿಯಾಯಿತು. ಅಷ್ಟರಲ್ಲಿ ಹೈದರಾಬಾದಿನಲ್ಲಿ ಮೀರ್ ಆಲಂ ದಿವಾನನಾಗಿದ್ದ. ಊರಿಗೆ ಕಾಲಿಡಕೂಡದು ಎಂದುಬಿಟ್ಟ. ಅವಳು ಮಚಲೀಪಟ್ಟಣದ ಸಮುದ್ರದಂಡೆಯಲ್ಲಿ ಕಾಯುತ್ತ ಉಳಿದಳು. ರಸೆಲ್ ಮದರಾಸಿಗೆ ಹೋಗಿ 1808ರಲ್ಲಿ ಅಲ್ಲಿಯ ಒಬ್ಬ ಅಧಿಕಾರಿಯ ಮಗಳನ್ನು ಮದುವೆಯಾದ. ಅವನು ಹೊಸ ಕಾಲದ ಬುದ್ಧಿವಂತ. ಎಲ್ಲಿ ಇಟ್ಟುಕೊಳ್ಳಬೇಕು, ಎಲ್ಲಿ ಕಟ್ಟಿಕೊಳ್ಳಬೇಕು ಎಂದು ಚೆನ್ನಾಗಿ ತಿಳಿದಿದ್ದ. ಮೀರ್ ಆಲಂ ಸತ್ತ ಮೇಲೆ ಅವಳು ಹೈದರಾಬಾದಿಗೆ ಮರಳಿದಳು. 1813ರ ಸೆಪ್ಟೆಂಬರ್ 22ರಂದು, ಗಂಡ ಕಟ್ಟಿಸಿದ ರಂಗಮಹಲಿನಲ್ಲೇ ಪ್ರಾಣ ಬಿಟ್ಟಳು. ಇಪ್ಪತ್ತೇಳು ವರ್ಷ. ಆಗ ಆ ಬಂಗಲೆಯ ರೆಸಿಡೆಂಟ್, ಅದೇ ಹೆನ್ರಿ ರಸೆಲ್.

ಇನ್ನು ಮಕ್ಕಳು. ಹುಡುಗ ವಿಲಿಯಂ 1812ರಲ್ಲಿ ಕುದಿಯುವ ನೀರಿನ ಹಂಡೆಗೆ ಬಿದ್ದು ಅಂಗವಿಕಲನಾದ, ಇಪ್ಪತ್ತೇಳರಲ್ಲಿ ತೀರಿಕೊಂಡ. ಅವನ ತಾಯಿಯೂ ಅದೇ ವಯಸ್ಸಿಗೆ ಹೋದದ್ದು. ಕಿಟ್ಟಿ ಚೆಲುವೆ, ಕೆಂಚು ಕೂದಲಿನವಳು. ಅವಳ ನೆಂಟರ ಮನೆಯ ಹುಡುಗರಿಗೆ ಪಾಠ ಹೇಳುತ್ತಿದ್ದ ಬಡ ಮೇಷ್ಟ್ರೊಬ್ಬನಿಗೆ ಅವಳ ಮೇಲೆ ಮನಸ್ಸಾಯಿತು. ಆ ಮೇಷ್ಟ್ರು ಥಾಮಸ್ ಕಾರ್ಲೈಲ್. ಅವನು ಮುಂದೆ ಬರೆದ ‘ಸಾರ್ಟರ್ ರಿಸಾರ್ಟಸ್’ನಲ್ಲಿ ಬರುವ ಬ್ಲೂಮಿನ್ ಅವಳೇ ಎಂದು ಹಲವರ ನಂಬಿಕೆ. ಅವರಿಬ್ಬರ ನಡುವೆ ಅಡ್ಡ ಬಂದದ್ದು ಮೈಬಣ್ಣವಲ್ಲ, ಮೇಷ್ಟ್ರ ಸಂಬಳ. 1829ರಲ್ಲಿ ಕಿಟ್ಟಿ ಸೈನ್ಯದ ಕ್ಯಾಪ್ಟನ್ ಫಿಲಿಪ್ಸ್‌ನನ್ನು ಮದುವೆಯಾಗಿ, ಡೆವನ್ ಕಡಲತೀರದ ಟಾರ್ಕೀಯಲ್ಲಿ ನೆಮ್ಮದಿಯಾಗಿ ಬಾಳಿದಳು.

ಒಂದು ದಿನ ಅವಳು ಇಂಗ್ಲೆಂಡಿನಲ್ಲೇ ಒಂದು ದೊಡ್ಡ ಮನೆಗೆ ಅತಿಥಿಯಾಗಿ ಹೋದಳು. ಅದು ನಿವೃತ್ತನಾಗಿದ್ದ ಹೆನ್ರಿ ರಸೆಲ್‌ನ ಮನೆ. ಅಲ್ಲಿ ಗೋಡೆಯ ಮೇಲೆ ಚಿನ್ನರಿ ಬರೆದ ಆ ಚಿತ್ರ ತೂಗುತ್ತಿತ್ತು. ಜರಿ ಅಂಗಿಯ ಅಣ್ಣ, ಪಕ್ಕದಲ್ಲಿ ತಾನು. ಕಿಟ್ಟಿ ಅತ್ತುಬಿಟ್ಟಳು. ರಸೆಲ್ ಸಾಯುವಾಗ ಆ ಚಿತ್ರವನ್ನು ಅವಳಿಗೇ ಬಿಟ್ಟುಹೋದ. ಇವತ್ತು ಅದು ಹಾಂಗ್‌ಕಾಂಗ್ ಮೂಲದ ಒಂದು ಬ್ಯಾಂಕಿನ ಸಂಗ್ರಹದಲ್ಲಿದೆ.

ಹೈದರಾಬಾದಿನಲ್ಲಿ ಅಜ್ಜಿ ಶರಫುನ್ನಿಸಾ ಇನ್ನೂ ಬದುಕಿದ್ದಾಳೆಂದು ಕಿಟ್ಟಿಗೆ ತಿಳಿಯಿತು. 1841ರಲ್ಲಿ ಮೊದಲ ಕಾಗದ ಹೋಯಿತು, ಮೂವತ್ತಾರು ವರ್ಷಗಳ ಮೇಲೆ. ತಾಯಿ ಕೂತಿದ್ದ ಜಾಗ ತನಗೆ ನೆನಪಿದೆ, ಕಳಿಸಿಕೊಡುವಾಗ ಅವಳು ಉದ್ದ ಕೂದಲನ್ನು ಕಿತ್ತುಕೊಂಡು ಅತ್ತದ್ದು ನೆನಪಿದೆ, ಆ ಕೂದಲಿನ ಒಂದು ಎಳೆ ಸಿಕ್ಕರೂ ಸಾಕು ಎಂದು ಬರೆದಳು. ಮೂರೂವರೆ ವರ್ಷದ ಮಗುವಿನ ನೆನಪು ಅದು. ಅಜ್ಜಿಗೆ ಇಂಗ್ಲಿಷ್ ಬಾರದು, ಮೊಮ್ಮಗಳಿಗೆ ಪಾರಸಿ ಬಾರದು. ಅಜ್ಜಿ ಹೇಳಿ ಬರೆಸುತ್ತಿದ್ದಳು, ನಡುವೆ ಯಾರೋ ಅನುವಾದ ಮಾಡುತ್ತಿದ್ದರು, ಹಡಗು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಹಾಗೆ ಆರು ವರ್ಷ ಓಲೆಗಳು ಓಡಾಡಿದವು. ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಲಿಲ್ಲ. 1847ರ ಜುಲೈ ತಿಂಗಳಲ್ಲಿ ಶರಫುನ್ನಿಸಾ ತೀರಿಕೊಂಡಳು. ಕಿಟ್ಟಿ 1889ರವರೆಗೆ ಬದುಕಿದ್ದಳು. ಹೈದರಾಬಾದನ್ನು ಅವಳು ಮತ್ತೆ ನೋಡಲಿಲ್ಲ.